ಕಾಲೆಳೆಯುವವರು

ನನಗೊಂದು ಕೆಟ್ಟ ಚಾಳಿಯಿದೆ. ಕಂಡವರ ಕಾಲೆಳೆಯುವುದು. ಕಾರವಾರದ ಹಬ್ಬುವಾಡದ ನಮ್ಮ ಓಣಿಯಲ್ಲಿ ‘ನಾಳೆ ನಳದಲ್ಲಿ ನೀರು ಬರುವುದಿಲ್ಲವಂತೆ’ ಎಂದು ನಾನು ಹೇಳಿದರೆ ಯಾರೂ ಒಂದು ಕೊಡ ನೀರನ್ನೂ ಹೆಚ್ಚಿಗೆ ಹಿಡಿದಿಡುವುದಿಲ್ಲ. ಮೈ ಬೆಚ್ಚಗಾಗಿದೆ ಎಂದರೆ ಹೆಂಡತಿ ಥರ್ಮಾಮೀಟರ್ ಇಟ್ಟು ನೋಡಿಯೇ ಕಷಾಯಕ್ಕೆ ಒಲೆ ಹಚ್ಚುತ್ತಾಳೆ. ಅರವತ್ತೈದು ವರ್ಷ ಇದನ್ನೊಂದು ವಿದ್ಯೆ ಎಂದೇ ತಿಳಿದಿದ್ದೆ. ಈ ಬೇಸಿಗೆಯಲ್ಲಿ, ಒಂದೇ ಒಂದು ನಿಜವನ್ನು ಒಬ್ಬನಿಗೆ ನಂಬಿಸಬೇಕಾಗಿ ಬಂದಾಗ, ನನ್ನ ಹತ್ತಿರ ಬಂಡವಾಳವೇ ಇಲ್ಲ ಎಂಬುದು ತಿಳಿಯಿತು.

ಆ ಒಬ್ಬ ಹಮ್ಮು ಗೌಡ. ಅಂಕೋಲೆಯ ಹತ್ತಿರ ನಾವಿಬ್ಬರೂ ಹುಟ್ಟಿದ ಊರಿನವನು. ಹಮ್ಮು ಎಂದರೆ ಗರ್ವ ಎಂಬ ಅರ್ಥ ಪುಸ್ತಕದಲ್ಲಿದೆ. ನಮ್ಮ ಕಡೆ ಅದೊಂದು ಬರೀ ಹೆಸರು. ಇವನಲ್ಲಿ ಮಾತ್ರ ಎರಡೂ ಇದ್ದವು. ಎರಡನೇ ಇಯತ್ತೆಗೆ ಶಾಲೆ ಬಿಟ್ಟು ಗರಡಿಗೆ ಸೇರಿದ. ಹಗಲು ಗದ್ದೆ, ಕಲ್ಲಿನ ಕ್ವಾರಿ. ಬೆಳಗಿನ ಜಾವ ಕುಸ್ತಿ. ಅವನು ಪೇಟೆಯಲ್ಲಿ ನಡೆದು ಬಂದರೆ ಎದುರಿನವರು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಹರೆಯದಲ್ಲಿ ಒಮ್ಮೆ ಕಾರವಾರದ ಕುಸ್ತಿಯಲ್ಲಿ ಗೆದ್ದು ರುಮಾಲು ಕಟ್ಟಿಸಿಕೊಂಡು ಬಂದ ಮರುದಿನ ನಾನು ಅವನಿಗೆ, ನಿನ್ನ ಫೋಟೋ ಪೇಪರಿನಲ್ಲಿ ಬಂದಿದೆ ಎಂದು ಹೇಳಿಬಿಟ್ಟೆ. ಅವನು ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗಿ ಇದ್ದಬದ್ದ ಪೇಪರುಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ನೋಡಿದನಂತೆ. ಇಲ್ಲವೆಂದರೂ ಕೇಳದೆ ಮರುದಿನದ ಪೇಪರಿಗೂ ಬಂದನಂತೆ. ಆಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೋದ ವರ್ಷ ದೀಪಾವಳಿ ಆದಮೇಲೆ ಹಮ್ಮುವಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕೈ ತಕ್ಕಮಟ್ಟಿಗೆ ಬಂತು, ಬಲಗಾಲು ಬರಲಿಲ್ಲ. ನೆಲ ಬಿಟ್ಟು ಮೇಲೇಳದು, ಎಳೆದರೆ ಬರುತ್ತದೆ. ಹಾಗೆಯೇ ಎಳೆದುಕೊಂಡಾದರೂ ದಿನಾ ನಡೆಯಬೇಕು, ಈ ಕೆಲವು ತಿಂಗಳು ಬಿಟ್ಟರೆ ಮುಂದೆ ಅದೂ ಇಲ್ಲ ಎಂದು ಕಾರವಾರದ ಡಾಕ್ಟರು ಹೇಳಿ ಕಳಿಸಿದ್ದರು. ಹಮ್ಮು ಒಪ್ಪಲಿಲ್ಲ. ಅಂಗಳಕ್ಕೆ ಬಂದರೆ ದಾರಿಯಲ್ಲಿ ಹೋಗುವವರು ನೋಡುತ್ತಾರೆ. ಕಾಲೆಳೆದುಕೊಂಡು ನಡೆಯುವುದನ್ನು ಊರಿಗೆ ತೋರಿಸುವುದಕ್ಕಿಂತ ಚಾಪೆಯೇ ಸಾಕು ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದ. ಹೆಂಡತಿ ನಾಗಿ ಬೆಳಿಗ್ಗೆ ಕೂಲಿಗೆ ಹೋಗುವಾಗ ಹೇಗೆ ಮಲಗಿದ್ದನೋ ಸಂಜೆ ಬಂದಾಗಲೂ ಹಾಗೆಯೇ.

ನಮ್ಮ ಭಾಷೆ ಕಾಲಿನ ವಿಷಯದಲ್ಲಿ ಬಹಳ ಧಾರಾಳ. ಕಾಲು ಕೆದರಿ ಜಗಳಕ್ಕೆ ಹೋಗುತ್ತೇವೆ, ಸೋತರೆ ಕಾಲು ಹಿಡಿಯುತ್ತೇವೆ, ಹಿಡಿದರೂ ಬಿಡದಿದ್ದರೆ ಕಾಲಿಗೆ ಬುದ್ಧಿ ಹೇಳುತ್ತೇವೆ. ಹಮ್ಮುವಿನ ಕಾಲು ಈಗ ಯಾರ ಬುದ್ಧಿಯನ್ನೂ ಕೇಳುತ್ತಿರಲಿಲ್ಲ. ನಾನು ಒಂದೆರಡು ಸಲ ಹೋಗಿ ಕೂತು, ಚಹಾ ಕುಡಿದು ಎದ್ದು ಬಂದೆ.

ಈ ನಡುವೆ ನಾವು ನಿವೃತ್ತರ ಒಂದು ತಂಡ ಜಪಾನಿಗೆ ಹೋಗಿದ್ದೆವು. ಚೆರ್ರಿ ಹೂವು ನೋಡುವುದು ನಮ್ಮ ಉದ್ದೇಶ. ನಾವು ಮುಟ್ಟುವ ಹೊತ್ತಿಗೆ ಹೂವೆಲ್ಲ ಉದುರಿತ್ತು. ಮರಗಳ ಕೆಳಗೆ ನಿಂತು, ಇಲ್ಲಿ ಇದ್ದಿತ್ತಂತೆ ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡೆವು. ಗೈಡ್ ಹುಡುಗಿಗೆ ಪಾಪ ಅನ್ನಿಸಿರಬೇಕು, ಮರುದಿನ ಬೆಳಿಗ್ಗೆ ಸುಮೋ ಪೈಲ್ವಾನರ ತಾಲೀಮು ನೋಡಲು ಕರೆದುಕೊಂಡು ಹೋದಳು. ಈ ಸಂಗತಿಯನ್ನು ಬಂದಮೇಲೆ ಪಕ್ಕದ ಮನೆಯ ಕೊಂಕಣಿ ಬಾಯಿಯವರಿಗೆ ಹೇಳಿದೆ. ಅವರ ಮಟ್ಟಿಗೆ ಸುಮೋ ಎಂದರೆ ಅಂಕೋಲೆಗೆ ಜನ ತುಂಬಿಕೊಂಡು ಓಡುತ್ತಿದ್ದ ಗಾಡಿ. ಅಲ್ಲಿಯೂ ಡ್ರೈವಿಂಗ್ ಕಲಿಯಲು ಅಷ್ಟು ಬೆಳಿಗ್ಗೆ ಏಳಬೇಕೇ ಎಂದು ಕೇಳಿದರು.

ಅದೊಂದು ಗರಡಿಮನೆಯೇ. ಮಣ್ಣಿನ ಅಖಾಡ, ಮೂಲೆಯಲ್ಲಿ ದೇವರು, ಬೆವರಿನ ವಾಸನೆ. ನಮ್ಮನ್ನು ಒಂದು ಹಲಗೆಯ ಜಗುಲಿಯ ಮೇಲೆ ಕೂರಿಸಿದರು. ಮಾತಾಡಬಾರದು, ಫೋಟೋ ತೆಗೆಯಬಾರದು. ಅರ್ಧ ಗಂಟೆಯಲ್ಲಿ ನನ್ನ ಎರಡೂ ಕಾಲು ಜೋಮು ಹಿಡಿದವು. ಎದುರಿಗೆ ಹಂಡೆಯಂಥ ಹೊಟ್ಟೆಯವರು ಒಂದೊಂದು ಕಾಲನ್ನೂ ಭುಜದ ಎತ್ತರಕ್ಕೆ ಎತ್ತಿ ನೆಲಕ್ಕೆ ಅಪ್ಪಳಿಸುತ್ತಿದ್ದರು. ಹಮ್ಮುವಿಗೆ ಇದನ್ನು ಹೇಳಬಾರದು ಎಂದುಕೊಂಡೆ. ಆಮೇಲೆ ಅವರೆಲ್ಲ ಮಂಡಿ ಬಗ್ಗಿಸಿ, ಸಾಲಾಗಿ, ಪಾದವನ್ನು ನೆಲದಿಂದ ಒಂದು ಕೂದಲಷ್ಟೂ ಎತ್ತದೆ ಎಳೆಯುತ್ತ ನಡೆಯತೊಡಗಿದರು. ಈ ಗೋಡೆಯಿಂದ ಆ ಗೋಡೆಗೆ, ಮತ್ತೆ ಈಚೆಗೆ. ಒಬ್ಬನ ಹಿಮ್ಮಡಿ ಸ್ವಲ್ಪ ಎದ್ದಿತು, ಮುದಿ ಉಸ್ತಾದರು ಕೂತಲ್ಲಿಂದಲೇ ಗದರಿದರು. ಕಾಲು ನೆಲ ಬಿಟ್ಟವನು ಬೀಳುತ್ತಾನೆ, ಅದಕ್ಕೇ ದಿನಾ ಎಳೆದು ಎಳೆದು ಕಲಿಯುತ್ತಾರೆ ಎಂದು ಹೊರಗೆ ಬಂದಮೇಲೆ ಗೈಡ್ ಹುಡುಗಿ ಹೇಳಿದಳು. ನನಗೆ ಕಣ್ಣು ತುಂಬಿ ಬಂತು. ಜೊತೆಯವರು ಜೋಮಿನ ನೋವು ಎಂದುಕೊಂಡರು.

ಊರಿಗೆ ಬಂದ ಮೂರನೇ ದಿನವೇ ಅಂಕೋಲೆಯ ಬಸ್ಸು ಹತ್ತಿದೆ. ಬಿಣಗಾ ದಾಟುವಾಗಲೇ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಎರಡು ಸಲ ಒಪ್ಪಿಸಿಕೊಂಡಿದ್ದೆ. ಹಮ್ಮು ಗೋಡೆಗೆ ಒರಗಿ ಕೂತಿದ್ದ, ತೋಳು ಸೊರಗಿತ್ತು. ನಾನು ಎಲ್ಲ ಹೇಳಿದೆ. ಅಖಾಡದ ಮಣ್ಣು, ಅವರ ತೂಕ, ಉಸ್ತಾದರ ಗದರಿಕೆ, ಕಾಲೆಳೆಯುವ ತಾಲೀಮು. ಭುಜದೆತ್ತರಕ್ಕೆ ಎತ್ತುವುದೊಂದನ್ನು ಬಿಟ್ಟು.

ಅವನು ಕೊನೆಯವರೆಗೂ ಕೇಳಿದ. ಆಮೇಲೆ ಹೇಳಿದ: “ಮತ್ತೆ ಶುರು ಮಾಡ್ದೆ ನೀನು. ನನ್ನ ಕಾಲು ಎಳೂಕೆ ಈಗ ಯಾರೂ ಬೇಡ ಮಾರಾಯ, ಅದೇ ಎಳ್ಕಂಡು ಹೋತದೆ.”

ದೇವರಾಣೆ ಎಂದೆ. ಪೇಪರಿನ ಫೋಟೋಕ್ಕೂ ಅದೇ ಆಣೆ ಇಟ್ಟಿದ್ದೆ ಎಂದು ಆಮೇಲೆ ನೆನಪಾಯಿತು. ತೋರಿಸಲು ಈ ಸಲವೂ ಫೋಟೋ ಇರಲಿಲ್ಲ. ಅವನು ಸಿಟ್ಟಾಗಿದ್ದರೆ ಚೆನ್ನಾಗಿತ್ತು, ಗೋಡೆ ಕಡೆ ತಿರುಗಿಬಿಟ್ಟ. ನಾಗಿ ಚಹಾ ತಂದಿಟ್ಟು ಬಾಗಿಲಲ್ಲಿ ನಿಂತಳು. ಅವಳು ಕೂಡ ನನ್ನನ್ನು ನಂಬಿದ ಹಾಗೆ ಕಾಣಲಿಲ್ಲ. ಇಡೀ ಜೀವಮಾನ ಖರ್ಚು ಮಾಡಿದ ನಗು ಆ ಕೋಣೆಯಲ್ಲಿ ನನ್ನನ್ನು ಒಬ್ಬಂಟಿಯಾಗಿ ಬಿಟ್ಟಿತ್ತು. ನಾನು ಚಪ್ಪಲಿ ಹುಡುಕತೊಡಗಿದೆ.

“ಹೌದನಾ,” ಎಂದ ಹಮ್ಮು, ತಿರುಗದೆಯೇ. “ಅವ್ರು ಕಾಲು ಎತ್ತೂದೇ ಇಲ್ವ?”

ಇಲ್ಲ ಎನ್ನುವುದು ಬಹಳ ಸುಲಭವಿತ್ತು. ನಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು, ಇಲ್ಲ ಎನ್ನಲಿ ಎಂದು ಕಾಯುವವಳ ಹಾಗೆ. ನನ್ನ ನಾಲಿಗೆಗೂ ಅದೇ ರೂಢಿ. ಆದರೆ ಅಂಗಡಿಯಲ್ಲಿ ಪೇಪರು ಬಿಡಿಸುತ್ತ ನಿಂತ ಹುಡುಗನಿಗೆ ಇನ್ನೊಂದು ಸಲ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

“ಎತ್ತುತ್ತಾರೆ ಹಮ್ಮು,” ಎಂದೆ. “ಮೊದಲು ಭುಜದವರೆಗೆ ಎತ್ತುತ್ತಾರೆ. ಎಳೆಯುವುದು ಆಮೇಲೆ. ಅದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ.”

ಅವನು ಈಚೆಗೆ ತಿರುಗಿ ನನ್ನನ್ನು ನೋಡಿದ. ಆಮೇಲೆ ತನ್ನ ಬಲಗಾಲನ್ನು ನೋಡಿದ.

“ಹಂಗಾರೆ ಅರ್ಧ ನಂಗೂ ಬತ್ತದೆ,” ಎಂದು ಏಳಲು ಪಕ್ಕದ ಕಂಬಕ್ಕೆ ಕೈ ಚಾಚಿದ.