ಹಳ್ಳದ ಸೆಳವಿನಲ್ಲಿ ಇಮಾಮುದ್ದೀನ್ ಉಸ್ತಾದ್

ಕಮಲಾಪುರದ ಹೊರಗಿನ ಹಳ್ಳದಲ್ಲಿ ಬೆಳಗಿನ ಜಾವ ಮಳೆನೀರು ಕೆಂಪಗೆ ಹರಿಯುತ್ತಿದೆ. ಅಡ್ಡ ಕಟ್ಟಿದ ಹಗ್ಗಕ್ಕೆ ಬಿದಿರಿನ ಗಳಗಳು ಜೋಡಿಜೋಡಿಯಾಗಿ ತೂಗಾಡುತ್ತಿವೆ. ಒಬ್ಬರೇ ಕೂರುವ ಪುಟ್ಟ ದೋಣಿ, ಕಯಾಕ್, ಒಂದು ಗಳಕ್ಕೂ ತಾಗದೆ ಅವುಗಳ ನಡುವೆ ನುಸುಳಬೇಕು. ಕೆಲವೆಡೆ ಸೆಳವಿಗೆ ಎದುರಾಗಿ ಮೇಲಕ್ಕೂ ಹತ್ತಬೇಕು. ಮೊಣಕಾಲುದ್ದ ನೀರಲ್ಲಿ ನಿಂತ ಇಮಾಮುದ್ದೀನ್ ಎಡಗೈಯಿಂದಷ್ಟೇ ಸನ್ನೆ ಮಾಡುತ್ತಾರೆ. ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ.

ಕಲಬುರಗಿಯ ರೋಜಾ ಬಡಾವಣೆಯಲ್ಲಿ ಹೂ ಮಾರುತ್ತಿದ್ದವರ ಮಗ. ಸೈನ್ಯಕ್ಕೆ ಸೇರಿ, ಬೆಟ್ಟದ ನದಿಗಳಲ್ಲಿ ಕಯಾಕ್ ಕಲಿತರು. ತೊಂಬತ್ತೊಂದರಲ್ಲಿ ಒಲಿಂಪಿಕ್ ಆಯ್ಕೆಯ ಸ್ಪರ್ಧೆಯಲ್ಲಿ ಬಂಡೆಗೆ ಬಡಿದು ಭುಜದ ಕೀಲು ತಪ್ಪಿತು. ಊರಿಗೆ ಮರಳಿ ನಂದೂರಿನ ದಾಲ್ ಮಿಲ್ಲಿನಲ್ಲಿ ಕಾವಲಿಗೆ ನಿಂತರು. "ಟಿವ್ಯಾಗ ಹೊಳಿ ಕಂಡ್ರೂ ಎದ್ದು ಹೊರಗ ಹೋಗ್ತಿದ್ದೆ ರೀ," ಎನ್ನುತ್ತಾರೆ. ಜೊತೆಗೆ ದುಡಿದ ಸೈನಿಕ, ಕಮಲಾಪುರದ ನಾಗಣ್ಣ, ಒಂದು ಮಳೆಗಾಲ ಅವರನ್ನು ಈ ಹಳ್ಳಕ್ಕೆ ಕರೆತಂದ. ಹಳೆಯ ಪಲ್ಟನ್ನಿನಿಂದ ತೇಪೆ ಹಾಕಿದ ದೋಣಿಗಳೂ ಬಂದವು. ಕಯಾಕ್ ಕಲಿಯಲು ಬಂದ ಊರ ಮಕ್ಕಳಿಗೆ ಅವರು ಉಸ್ತಾದ್ ಆದರು.

ಹೋದ ವರ್ಷ ಅವರ ಶಿಷ್ಯೆ ಅಮೃತಳ ದೋಣಿ ಮಗುಚಿತು. ಉಸ್ತಾದ್ ಎಳೆದು ತೆಗೆದರೂ, ಬಾಳೆತೋಟದಲ್ಲಿ ಕೂಲಿ ಮಾಡುವ ತಾಯಿ ಮಲ್ಕಮ್ಮ ಅವಳನ್ನು ಹಳ್ಳಕ್ಕೆ ಕಳಿಸುವುದನ್ನೇ ನಿಲ್ಲಿಸಿದರು. ಯಾಕೆಂದು ವಿಚಾರಿಸಿದವರನ್ನು ಅವರು ಕೇಳಿದ್ದು ಒಂದೇ ಮಾತು: "ತಲಿಕೆಳಗಾದ ಮ್ಯಾಗ ನನ್ನ ಮಗಳು ಹೊಳ್ಳಿ ಮ್ಯಾಲ ಬರ್ತಾಳಂತ ಹ್ಯಾಂಗ ನಂಬಲಿ?"

ಇಮಾಮುದ್ದೀನ್ ಮಲ್ಕಮ್ಮನವರನ್ನು ಹಳ್ಳಕ್ಕೆ ಕರೆತಂದರು. ಭುಜದ ಕೀಲು ತಪ್ಪಿದಂದಿನಿಂದ ತಾವು ಮಾಡದಿದ್ದುದನ್ನು ಮಾಡಿದರು: ದೋಣಿಯಲ್ಲಿ ಕೂತು, ಬೇಕೆಂದೇ ಮಗುಚಿಕೊಂಡರು. ದೋಣಿಯ ತಳ ಮಾತ್ರ ಕಂಡಿತು. ಅರ್ಧ ಎದ್ದು ಮತ್ತೆ ಮುಳುಗಿದರು. ಮಲ್ಕಮ್ಮ ಸೀರೆ ಸಮೇತ ನೀರಿಗಿಳಿದಿದ್ದರು. ಅಷ್ಟರಲ್ಲಿ ಹುಟ್ಟು ಬೀಸಿ, ನಡುವನ್ನು ತಿರುವಿ, ಉಸ್ತಾದ್ ಮೇಲೆದ್ದರು. ನೋವಿಗೆ ಮುಖ ಬಿಳಿಚಿತ್ತು. "ಹಿಂಗ ಬರ್ತಾಳ ರೀ ಅವ್ವಾ. ಗಾಬರಿ ಆಗಬಾರ್ದು, ಅಷ್ಟೇ."

ಮರುದಿನ ಅಮೃತ ಬಂದಳು. ಹಿಂದೆಯೇ ಮಲ್ಕಮ್ಮ, ಉಸ್ತಾದರ ಭುಜಕ್ಕೆ ಶಾಖ ಕೊಡಲು ಬಿಸಿ ಉಪ್ಪಿನ ಗಂಟು ಹಿಡಿದು.

ಈಗ ಅಮೃತ ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆಯಾಗಿದ್ದಾಳೆ. ಇನ್ನು ಅವಳಿಗೆ ಬೇರೆ ಕೋಚ್. ಬೇಸರವೇ ಎಂದು ಕೇಳಿದರೆ ಇಮಾಮುದ್ದೀನ್ ನಗುತ್ತಾರೆ.

"ಬ್ಯಾಸರ ಯಾಕ್ರೀ? ಅಕಿ ಒಲಿಂಪಿಕ್ಕಿಗೆ ಹೋದ್ರ ಟಿವಿ ಮುಂದ ಕುಂತು ನೋಡ್ತೇನಿ. ಹೋಗ್ಲಿಲ್ಲಂದ್ರ ಇಲ್ಲಿಗೇ ಬಂದು ಹುಡುಗ್ರಿಗೆ ಕಲಿಸ್ತಾಳ. ಯಾವದಾದ್ರೂ ನನಗ ಖುಷೀನೇ."