ಹಿರಿಯಣ್ಣನವರ ಮುಂದಿನ ಬ್ರೇಕು

ಬೈಕುಲ್ಲಾದ ಓಣಿಯೊಂದರ ಗ್ಯಾರೇಜಿನಲ್ಲಿ ಚಂದ್ರಾಮ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಅಫಜಲಪುರದ ಕಡೆಯವನು. ಶಾಲೆಯ ಮುಖ ಹೆಚ್ಚು ಕಂಡವನಲ್ಲ, ಆದರೆ ಮೋಟರ್‌ಸೈಕಲ್ಲಿನ ಸದ್ದು ಕೇಳಿಯೇ ಅದರ ಹೊಟ್ಟೆಯೊಳಗೆ ಏನಾಗಿದೆಯೆಂದು ಹೇಳುತ್ತಿದ್ದ. ಅವನ ಬಾಯಿಂದ “ಆಗ್ತದ್ರಿ” ಎಂಬ ಮಾತು ಬಿತ್ತೆಂದರೆ ಗಿರಾಕಿಗಳು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದರು.

ಸಾವಿರದ ಒಂಬೈನೂರ ಎಪ್ಪತ್ತಮೂರರಲ್ಲಿ ಹಿರಿಯಣ್ಣನವರಿಗೂ ಅವನು ಅದೇ ಮಾತು ಹೇಳಿದ. ಮೈಸೂರಿನ ಕಡೆಯ ಹಿರಿಯಣ್ಣನವರು ಘಾಟ್ಕೋಪರಿನಲ್ಲಿದ್ದುಕೊಂಡು ಫೋರ್ಟಿನ ಒಂದು ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದರು. ಚಿಕ್ಕಂದಿನ ಪೋಲಿಯೋದಿಂದ ಎಡಗಾಲು ಸೊರಗಿ ಹೋಗಿತ್ತು. ಬೆಳಗಿನ ಲೋಕಲ್ ಹತ್ತುವುದು ಅವರಿಂದಾಗದ ಮಾತು. ಹಳೆಯ ಭಾರಿ ಮೋಟರ್‌ಸೈಕಲ್ಲೊಂದೇ ಅವರನ್ನು ನೌಕರಿಗೆ ಮುಟ್ಟಿಸುತ್ತಿತ್ತು. ಆ ಗಾಡಿಯಲ್ಲಿ ಹಿಂದಿನ ಬ್ರೇಕು ಎಡಗಾಲಿಗೆ. ಒತ್ತಲು ಅವರಿಗೆ ಬಲವಿಲ್ಲ. ಬಲಗೈಯಲ್ಲಿ ಹಿಡಿಯುವ ಮುಂದಿನ ಬ್ರೇಕೇ ಗತಿ, ಅದೂ ಬಡಕಲು.

“ನಿನ್ನೆ ಸಯನ್‌ನಲ್ಲಿ ಕೈಗಾಡಿಯವನೊಬ್ಬ ಸ್ವಲ್ಪದರಲ್ಲಿ ಉಳ್ಕೊಂಡ ಕಣಯ್ಯ. ಏನಾದ್ರೂ ಮಾಡೋಕಾಗುತ್ತಾ?”

“ಆಗ್ತದ್ರಿ ಸಾಹೇಬ್ರ.”

ಎರಡು ತಿಂಗಳು ಶುಕ್ರವಾರ ಶುಕ್ರವಾರ ಚೋರ್ ಬಜಾರ್ ಅಲೆದು, ವಿಲಾಯತಿ ಗಾಡಿಯೊಂದರ ಬ್ರೇಕಿನ ಪ್ಲೇಟನ್ನು ಚಂದ್ರಾಮ ಹುಡುಕಿ ತಂದ. ಹಳೆಯ ಬ್ರೇಕಿನಲ್ಲಿ ಡ್ರಮ್ಮನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಎರಡು ಶೂಗಳಲ್ಲಿ, ಗಾಡಿ ಮುಂದಕ್ಕೆ ಓಡುವಾಗ, ಒಂದು ಮಾತ್ರ ಕಚ್ಚಿ ಹಿಡಿಯುತ್ತಿತ್ತು. ಇದರಲ್ಲಿ ಎರಡೂ ಹಿಡಿಯುತ್ತವೆ. ಆದರೆ ಇದು ಕೂರಬೇಕಾದರೆ ಡ್ರಮ್ಮನ್ನು ಒಳಗಿನಿಂದ ಅಗಲ ಮಾಡಬೇಕು. ಪಕ್ಕದ ಲೇತಿನ ಬಂಡೆಪ್ಪ ಕೆಲಸಕ್ಕೆ ಮುಂಚೆ ಕೇಳಿದ:

“ಕೆತ್ತಿದ ಮ್ಯಾಗ ಹಳೇದು ಕೂಡಂಗಿಲ್ಲ ನೋಡು. ಖಾತ್ರಿ ಅದನಾ?”

“ನೀ ಕೆತ್ತೋ ಮಾರಾಯ. ಅಜ್ಜಿ ಹಂಗ ಕೇಳ್ತೀ.”

ಶೂಗಳಿಗೆ ಸೀಮೆಸುಣ್ಣ ಬಳಿದು, ಚಕ್ರ ತಿರುಗಿಸಿ, ಸುಣ್ಣ ಅಳಿಸಿಹೋದ ಜಾಗವನ್ನಷ್ಟೇ ಅರದಿಂದ ಉಜ್ಜಿ ಚಂದ್ರಾಮ ಅದನ್ನು ಹದಕ್ಕೆ ತಂದ. ಓಣಿಯಲ್ಲಿ ಹತ್ತು ಸಲ ಓಡಿಸಿ ನೋಡಿದ. ಎರಡು ಬೆರಳು ಮುಟ್ಟಿದರೆ ಸಾಕು, ಆ ಭಾರಿ ಗಾಡಿ ಗಕ್ಕನೆ ನಿಂತಿತು. ಹಿರಿಯಣ್ಣನವರು ಚಿಕ್ಕ ಹುಡುಗನ ಹಾಗೆ ನಕ್ಕರು.

ಆ ಭಾನುವಾರ ಅವರು ಮತ್ತೆ ಬಂದರು. ಹಿಂದೆ ಹೆಂಡತಿ ಸರಸ್ವತಿ, ಸೆರಗಿನಲ್ಲಿ ಕಟ್ಟಿಕೊಂಡ ಮುಂಗೈ.

“ಬ್ರಿಜ್ ಏರಿನಲ್ಲಿ ಬಸ್ಸಿನ ಹಿಂದೆ ನಿಲ್ಲಿಸಿದೆ. ಗಾಡಿ ಹಿಂದಕ್ಕೆ ಜಾರಿತು. ಎಷ್ಟು ಅದುಮಿದರೂ ನಿಲ್ಲಲಿಲ್ಲ ಚಂದ್ರಾಮ. ಹಿಂದಿದ್ದ ಟ್ಯಾಕ್ಸಿಗೆ ಬಡಿದು ಇವಳು ಬಿದ್ದಳು.”

“ಅವನ್ನ ಬೈಬೇಡಿ ಅಂದ್ರೆ,” ಎಂದರು ಸರಸ್ವತಿ.

“ಬೈದೆನೇನೆ ನಾನು?”

ಚಂದ್ರಾಮ ಚಕ್ರವನ್ನು ಎತ್ತಿ ನಿಲ್ಲಿಸಿ, ಬ್ರೇಕು ಹಿಡಿದು ಮುಂದಕ್ಕೆ ತಿರುಗಿಸಿದ, ಅಲುಗಲಿಲ್ಲ. ಹಿಂದಕ್ಕೆ ನೂಕಿದ, ಸರಾಗವಾಗಿ ತಿರುಗಿತು. ಊರಿನ ಕಬ್ಬಿನ ಗರಿ ನೆನಪಾಯಿತು: ಒಂದು ದಿಕ್ಕಿಗೆ ಸವರಿದರೆ ಬೆರಳು ಕೊಯ್ಯುತ್ತದೆ, ಇನ್ನೊಂದು ದಿಕ್ಕಿಗೆ ಜಾರುತ್ತದೆ. ಹಳೆಯ ಬ್ರೇಕಿನಲ್ಲಿ ಒಂದು ಶೂ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಕಚ್ಚುತ್ತಿತ್ತು; ಇದರಲ್ಲಿ ಎರಡನ್ನೂ ಅವನು ಒಂದೇ ದಿಕ್ಕಿಗೆ ಕಚ್ಚಲು ಕೂರಿಸಿದ್ದ. ಓಣಿ ಸಪಾಟಾಗಿತ್ತು. ಹಿಂದಕ್ಕೆ ನೂಕಿ ನೋಡಬೇಕೆಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನಿಗೆ ಹೊಳೆದಿರಲಿಲ್ಲ.

ಕೆತ್ತಿದ ಡ್ರಮ್ಮಿಗೆ ಹಳೆಯ ಬ್ರೇಕು ಕೂರಲಿಲ್ಲ. ಅಂಥ ಬೇರೆ ಡ್ರಮ್ಮು ಊರೆಲ್ಲ ಸುತ್ತಿದರೂ ಸಿಗಲಿಲ್ಲ. ಹಿಂದಿನ ಬ್ರೇಕಿಗೆ ತಂತಿ ಕಟ್ಟಿ ಕೈಗೆ ತಂದ. ಏರಿನಲ್ಲಿ ತಂತಿ ಹಿಗ್ಗಿತು. ಆಮೇಲೆ ಅವನಿಗೆ ಉಳಿದದ್ದು ತನ್ನ ಮೈಯೊಂದೇ. ಬೆಳಗ್ಗೆ ಒಂಬತ್ತೂವರೆಗೆ ಬೈಕುಲ್ಲಾ ಬ್ರಿಜ್ಜಿನ ಈ ಬುಡದಲ್ಲಿ, ಸಂಜೆ ಆ ಬುಡದಲ್ಲಿ ನಿಲ್ಲುತ್ತಿದ್ದ. ಹಿರಿಯಣ್ಣನವರು ಬಂದರೆ ಗಾಡಿ ಹಿಂದಕ್ಕೆ ಜಾರದಂತೆ ಕ್ಯಾರಿಯರಿಗೆ ಕೈಕೊಟ್ಟು, ಬಸ್ಸುಗಳ ಮೂತಿಯ ಮುಂದೆ, ಬ್ರಿಜ್ಜಿನ ನೆತ್ತಿಯವರೆಗೆ ನಡೆಯುತ್ತಿದ್ದ.

“ಏ ಭಾವು, ಗಾಡಿ ಹಾಯ್ ಕೀ ಮ್ಹೈಸ್?” ಎಂದು ಬಸ್ಸಿನ ಡ್ರೈವರು ನಗುತ್ತಿದ್ದ. ಗಾಡಿಯೋ ಎಮ್ಮೆಯೋ ಎಂದರೆ, ಚಂದ್ರಾಮ ಎಮ್ಮೆ ಕಾಯುವವನ ಹಾಗೆಯೇ ಕಾಣುತ್ತಿದ್ದನೇನೋ.

“ಎಷ್ಟು ದಿನ ಅಂತ ಹೀಗೆ, ಚಂದ್ರಾಮ?” ಎಂದರು ಹಿರಿಯಣ್ಣನವರು ಒಂದು ದಿನ.

“ಏನರ ಮಾಡ್ತೀನ್ರಿ ಸಾಹೇಬ್ರ.” ಆಗ್ತದ್ರಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಮಳೆಗಾಲದಲ್ಲಿ ನಾಲ್ಕು ದಿನ ಅವನಿಗೆ ಜ್ವರ ಬಂತು. ಐದನೆಯ ದಿನ ಹೋಗಿ ಹತ್ತೂವರೆಯವರೆಗೆ ನಿಂತ. ಯಾರೂ ಬರಲಿಲ್ಲ. ವಾರದ ನಂತರ ಹಿರಿಯಣ್ಣನವರು ಕೋಲೂರಿಕೊಂಡು ಗ್ಯಾರೇಜಿಗೆ ಬಂದರು. ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು.

“ಗಾಡಿ ಕೊಟ್ಟುಬಿಟ್ಟೆ ಕಣಯ್ಯ. ನೀನಿಲ್ಲದ ದಿನ ಬ್ರಿಜ್ ತನಕ ಬಂದು ಮನೆಗೆ ವಾಪಸ್ ಹೋದೆ. ಈಗ ಲೋಕಲ್ಲು. ಎರಡು ಬಿಟ್ಟು ಮೂರನೇದು ಹತ್ತಬಹುದು.”

ಗಾಡಿ ಕೊಂಡವನು ದೀಪಾವಳಿಯ ಹೊತ್ತಿಗೆ ಎಣ್ಣೆ ಬದಲಿಸಲು ಚಂದ್ರಾಮನ ಬಳಿಗೇ ಬಂದ. “ಕ್ಯಾ ಬ್ರೇಕ್ ಬನಾಯಾ ಹೈ, ಉಸ್ತಾದ್! ಏಕ್‌ದಮ್ ಫಸ್ಟ್ ಕ್ಲಾಸ್!” ಎಂದು ಬೆನ್ನು ತಟ್ಟಿದ.

ಚಂದ್ರಾಮ ಕೆಳಗೆ ಕೂತು, ಹಿಂದಿನ ಬ್ರೇಕು ಒತ್ತಿ ತೋರಿಸಲು ಹೇಳಿದ. ಆ ಮನುಷ್ಯ ಯಾರೊಡನೆಯೋ ಮಾತಾಡುತ್ತಲೇ, ನೋಡದೆ, ಎಡಗಾಲಿನಿಂದ ಒತ್ತಿದ. ಚಕ್ರ ಹಿಂದಕ್ಕೂ ಅಲುಗಲಿಲ್ಲ. ಚಂದ್ರಾಮ ಆ ಕಾಲನ್ನೇ ನೋಡುತ್ತ, ಬಿಗಿಯಾಗಿಯೇ ಇದ್ದ ನಟ್ಟಿಗೆ ಮತ್ತೊಮ್ಮೆ ಪಾನಾ ಹಾಕಿದ.