ಬೆರ್ಚಪ್ಪನ ಮೇಲೆ ಬಿದ್ದ ಕಣ್ಣು

ನಮ್ಮ ಕಡೆ ಮನೇಲಿ ಗಡಿಗೆ ಬಾಯಿ ಒಡೆದ್ರೆ ತಿಪ್ಪೆಗೆ ಎಸೆಯಲ್ಲ, ಹಿತ್ತಲಲ್ಲಿ ಬೋರಲು ಹಾಕಿಟ್ಟಿರ್ತಾರೆ. ಬೆಳೆ ಹೂವಿಗೆ ಬಂದಾಗ ಅದಕ್ಕೆ ಮಸಿ ಬಳಿದು, ಸುಣ್ಣದಲ್ಲಿ ಕಣ್ಣು ಹಲ್ಲು ಬರೆದು, ಕೋಲಿಗೆ ಸಿಕ್ಕಿಸಿ, ಹಳೇ ಅಂಗಿ ತೊಡಿಸಿ ಹೊಲದ ನಡುವೆ ನಿಲ್ಲಿಸ್ತಾರೆ. ಅದಕ್ಕೆ ಬೆರ್ಚಪ್ಪ ಅಂತೀವಿ. ಹಕ್ಕಿ ಹೆದರ್ತವೋ ಇಲ್ವೋ ದೇವರಿಗೇ ಗೊತ್ತು. ದಾರೀಲಿ ಹೋಗೋರ ಕಣ್ಣು ಮೊದಲು ಆ ವಿಕಾರದ ಮೇಲೆ ಬಿದ್ದು ಅಲ್ಲೇ ಮುಗಿದುಹೋಗ್ಲಿ, ಬೆಳೆ ತನಕ ಬರದೇ ಇರ್ಲಿ ಅನ್ನೋದು ಅದರ ಹಿಂದಿನ ಲೆಕ್ಕಾಚಾರ. ನೋಡೋ ಕಣ್ಣು ಅಂದ್ರೆ ನಮಗೆ ಮೊದಲಿಂದಲೂ ಅಷ್ಟು ಅನುಮಾನ. ಗಿಡ ಎದೆಮಟ್ಟ ಬೆಳೆದು ನಿಂತಿದ್ರೂ "ಬೆಳೆ ಎಂಗೈತಣ್ಣ?" ಅಂತ ಕೇಳಿ ನೋಡಿ, "ಏನೋ, ಐತೆ" ಅಂತಾರೆ ಹೊರತು ಚೆನ್ನಾಗೈತೆ ಅನ್ನಲ್ಲ.

ನಾನು ಹೊಳೆನರಸೀಪುರದಲ್ಲಿ ಪಂಪ್‌ಸೆಟ್ ಮೋಟರ್ ರಿಪೇರಿ ಮಾಡೋನು. ಓದೋಕೆ ಕೂತಿದ್ದೇ ಮೀಸೆ ನರೆತ ಮೇಲೆ, ಹಾಗಾಗಿ ಫೋನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತೋದು. ಮೋಟರ್ ಸುಟ್ಟು ಹೋಗದಂಗೆ ಹೆಂಗೆ ನೋಡ್ಕೋಬೇಕು ಅಂತ ವಾರವೆಲ್ಲ ಕೂತು ಬರೆದು ಹಾಕಿದ್ದೆ. ಮೂರು ಜನ ಲೈಕ್ ಅಂತ ಹೆಬ್ಬೆಟ್ಟು ಒತ್ತಿದ್ರು, ಅದರಲ್ಲಿ ಒಬ್ಬ ನಾನೇ. ಅದೇ ಸಮಯಕ್ಕೆ ಲಕ್ಷಗಟ್ಟಲೆ ಜನ ನೋಡಿದ್ದು ಯಾವುದನ್ನ ಗೊತ್ತಾ? ನಮ್ಮ ಅಕ್ಕ ಜಯಮ್ಮ ನಿಲ್ಲಿಸಿದ್ದ ಬೆರ್ಚಪ್ಪನ್ನ.

ಅಕ್ಕನ ಹೊಲ ಇರೋದು ಶೆಟ್ಟಿಹಳ್ಳಿ ಚರ್ಚು ನೋಡೋಕೆ ಜನ ಹೋಗೋ ದಾರೀಲಿ. ಭಾವ ವರ್ಷಾ ವರ್ಷ ಜೋಳಾನೇ ಹಾಕೋದು. ಏನು ಹಾಕೋಣ ಅಂತ ಅಕ್ಕನ್ನ ಕೇಳಿದ್ದೇ ಇಲ್ಲ. ಈ ಸಲ ಅವಳು ಹಠ ಹಿಡಿದು ಮೆಣಸಿನ ಸಸಿ ನೆಡಿಸಿದ್ಳು. "ಇದೊಂದ್ ಕಿತ ಬುಡ್ತೀನಿ. ಕೆಟ್ರೆ ಇನ್ ಒಲದ್ ಸುದ್ದಿ ಎತ್ತಂಗಿಲ್ಲ" ಅಂದಿದ್ರು ಭಾವ. ಅವಳ ಮಾತಿಗೆ ಆ ಮನೇಲಿ ಬೆಲೆ ಬರೋದೋ ಹೋಗೋದೋ, ಎಲ್ಲಾ ಆ ಗಿಡದ ಮೇಲೆ ನಿಂತಿತ್ತು.

ಹೂವು ಬಂದಾಗ ಅಕ್ಕ ಬೆರ್ಚಪ್ಪನ್ನ ಮಾಡಿದ್ಳು. ಎಡವಟ್ಟಾಗಿದ್ದು ಅಲ್ಲೇ. ಭಾವಂದೇ ಗೀರು ಅಂಗಿ, ಭಾವಂದೇ ಟವಲ್ಲು. ಭಾವ ಬದುವಿನ ಮೇಲೆ ನಿಂತು ಬೇರೆಯವರ ಕೆಲಸ ನೋಡೋ ಹಾಗೇ ಒಂದು ಕೈ ಸೊಂಟಕ್ಕೆ. ವಿಕಾರ ಮಾಡೋಕೆ ಹೋಗಿ ಗಂಡನ್ನೇ ಮಾಡಿಟ್ಟಿದ್ಳು. ಹಾಸನದಿಂದ ಬೈಕಲ್ಲಿ ಬಂದ ಜೋಡಿಯೊಂದು ವಿಡಿಯೋ ತೆಗೆದು, "ಕೆಲಸ ಹೇಳಿದಾಗ ನನ್ನ ಗಂಡ" ಅಂತ ಬರೆದು ಬಿಡ್ತು. ಅರಕಲಗೂಡಲ್ಲಿ ನೋಡಿದ್ರು, ಇನ್ನೆಲ್ಲೆಲ್ಲೋ ನೋಡಿದ್ರು. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಲ್ಲಿ ಗುರುತಿನೋನೊಬ್ಬ ಭಾವನ್ನ ಅಡ್ಡ ಹಾಕಿ, "ಗೌಡ್ರೆ, ವಸಿ ಸೊಂಟುಕ್ಕೆ ಕೈ ಮಡೀಕಳಿ, ಒಂದ್ ಫೋಟೋ ತಕ್ಕತೀನಿ" ಅಂದನಂತೆ.

ಅಷ್ಟಕ್ಕೆ ನಿಂತಿದ್ರೆ ಸರಿ ಇತ್ತು. ಇನ್ಯಾರೋ ಪುಣ್ಯಾತ್ಮ ಅದೇ ವಿಡಿಯೋಗೆ ಅಳೋ ಪಿಟೀಲು ಸೇರಿಸಿ, ತೀರಿಹೋದ ಗಂಡನ ನೆನಪಿಗೆ ಈ ತಾಯಿ ಅವನ ಅಂಗಿ ತೊಡಿಸಿ ನಿಲ್ಲಿಸಿದ್ದಾಳೆ ಅಂತ ಹಾಕಿದ. ಅದು ಮೊದಲನೇದಕ್ಕಿಂತ ಜೋರಾಗಿ ಓಡ್ತು. ಭಾವ ಮುದ್ದೆ ಮುರೀತಾ ಕೂತು, ತನಗೆ ಬಂದಿದ್ದ ಓಂ ಶಾಂತಿಗಳನ್ನ ನನ್ನ ಕೈಲಿ ಓದಿಸಿದ್ರು.

"ನಾನ್ ಸತ್ರೆ ಇಷ್ಟ್ ಜನ ಬತ್ತಾರೇನ್ಲಾ ಪುಟ್ಟ?"

"ಬರಕ್ಕಿಲ್ಲ ಕಣ್ರೀ. ಕುಂತಿದ್ ತಾವ್ಲೇ ಒತ್ತಿ ಸುಮ್ಕಾಯ್ತಾರೆ" ಅಂದ್ಳು ಅಕ್ಕ, ಸಾರು ಬಡಿಸ್ತಾ.

ನನಗೆ ಅನುಮಾನ ಗಟ್ಟಿಯಾಗಿದ್ದು ಆವಾಗ. ಅದೇ ಗಡಿಗೆ, ಅದೇ ಅಂಗಿ ಸೋಮವಾರ ನಗಿಸಿ ಶುಕ್ರವಾರ ಅಳಿಸ್ತು ಅಂದ್ರೆ, ನಗು ಅಳು ಎರಡೂ ಜನರೇ ಹೊತ್ಕೊಂಡು ತಿರುಗ್ತಿದ್ದ ಹೊರೆ ಇರಬೇಕು, ಇಳಿಸೋಕೊಂದು ಹೊರೆಗಲ್ಲು ಹುಡುಕ್ತಿದ್ರು, ಸಿಕ್ತು. ನಗೋ ವಿಡಿಯೋನ ನನ್ನ ಹೆಂಡತೀನೂ ನನಗೆ ಕಳಿಸಿದ್ಳು, ಒಂದೇ ಮನೇಲಿ, ಪಕ್ಕದ ರೂಮಲ್ಲಿ ಕೂತು, ಒಂದು ಮಾತೂ ಸೇರಿಸದೆ. ಬಾಯಲ್ಲಿ ಹೇಳಿದ್ರೆ ಜಗಳ ಆಗೋ ಮಾತು ಬೊಂಬೆ ಕೈಲಿ ಹೇಳಿಸಿದ್ರೆ ಸಲೀಸು ನೋಡಿ. ಅಳೋದು ಇನ್ನೂ ಸಲೀಸು. ಹೆಬ್ಬೆಟ್ಟು ಒಂದು ಸಲ ತಾಗಿಸಿದ್ರೆ ಒಳ್ಳೆಯವರಾಗಿ ಮಲಗಬಹುದು. ಇಷ್ಟು ಅಗ್ಗಕ್ಕೆ ಸಿಗೋ ಒಳ್ಳೇತನ ಕಂಡ್ರೆ, ನೀವೇನಾದ್ರೂ ಅನ್ಕೊಳ್ಳಿ, ನನಗೆ ಭಯ. ನನ್ನ ಮೋಟರ್ ಬರಹದಲ್ಲಿ ಇಂಥ ಯಾವ ಸೌಕರ್ಯವೂ ಇರಲಿಲ್ಲ ಬಿಡಿ. ಓದಿದೋನು ಎದ್ದು ಹೋಗಿ ಸ್ಟಾರ್ಟರ್ ನೋಡಬೇಕಿತ್ತು.

ಆಮೇಲೆ ಜನ ಹೊಲಕ್ಕೇ ಬರೋಕೆ ಶುರು ಮಾಡಿದ್ರು. ನಗೋಕೆ ಬಂದೋರು ಬೆರ್ಚಪ್ಪನ ಹೆಗಲ ಮೇಲೆ ಕೈ ಹಾಕಿದ್ರು, ಅಳೋಕೆ ಬಂದೋರು ಕಾಲಿಗೆ ಬಿದ್ರು. ಇಬ್ಬರೂ ತುಳಿದಿದ್ದು ಮೆಣಸಿನ ಗಿಡಾನೇ. ನಾಲ್ಕು ಸಾಲು ಹೂವು ಉದುರಿ ರೆಂಬೆ ಮುರೀತು. ಭಾವ ಬಂದು ನೋಡಿ, "ನಾಳಿಕ್ಕೆ ಎಲ್ಲಾ ಕಿತ್ತಾಕಿ ಜ್ವಾಳ ಬಿತ್ತೀನಿ. ಯೋಳ್ದ್ ಮಾತ್ ಕೇಳಕ್ಕಿಲ್ಲ ನೀನು" ಅಂದ್ರು. ಅಕ್ಕನ ಮುಖ ನೋಡೋಕಾಗಲಿಲ್ಲ.

ಅವಳು ಅಳಲಿಲ್ಲ. ಸುಮ್ಮನೆ ಹೋಗಿ ಬೆರ್ಚಪ್ಪನ್ನ ಕಿತ್ತಳು. "ಕಣ್ ಬೀಳ್ಳಿ ಅಂತ ನಿಲ್ಸಿದ್ದು, ಬಿದ್ದೈತೆ. ಜಾಗ ತಪ್ಪೈತೆ ಅಷ್ಟೇಯ. ಇಡ್ಕಳ್ಲಾ ಆ ಕಡೀಕೆ" ಅಂದ್ಳು. ಇಬ್ಬರೂ ಹೊತ್ಕೊಂಡು ಹೋಗಿ, ಹೊಲ ದಾಟಿ ದೂರದ ಮೋರಿ ಪಕ್ಕ, ಏನೂ ಬೆಳೆಯದ ಕಲ್ಲುನೆಲದಲ್ಲಿ ನೆಟ್ಟು ಬಂದ್ವಿ.

ಮಾರನೇ ದಿನ ಜನವೆಲ್ಲ ಮೋರಿ ಹತ್ರ. ಹೊಲ ತುಳಿಯೋರಿಲ್ಲದ್ದು ನೋಡಿ ಭಾವ ಗಿಡ ಕೀಳೋ ಮಾತು ಬಿಟ್ರು. ಯಾರೂ ಬೆಳೆ ಎಲ್ಲಿ ಹೋಯ್ತು ಅಂತ ಕೇಳಲಿಲ್ಲ. ಕಲ್ಲುನೆಲದಲ್ಲಿ ಕಾಯೋಕೆ ಏನಿದೆ ಅಂತಾನೂ ಯಾರಿಗೂ ಅನ್ನಿಸಲಿಲ್ಲ. ಸ್ವಲ್ಪ ದಿನ ಕಳೆದ ಮೇಲೆ ಮೋರಿ ಹತ್ರಾನೂ ಯಾರೂ ಇಲ್ಲ. ಬೇರೆ ಎಲ್ಲೋ ಬೇರೆ ಏನೋ ಸಿಕ್ಕಿತ್ತು ಅವರಿಗೆ.

ಮೊದಲನೇ ಕುಯ್ಲಿಗೆ ನಾನೂ ಹೋಗಿದ್ದೆ. ತುಳಿದ ಸಾಲು ಬೋಳು. ಮಿಕ್ಕಿದ್ದೆಲ್ಲ ಬಗ್ಗಿ ನೆಲ ಮುಟ್ಟೋ ಹಾಗೆ ಕಾಯಿ. ನಾನು ಆಸೆ ತಡೀಲಾರದೆ ಫೋನ್ ತೆಗೆದ್ರೆ, ಅಕ್ಕ ಚೀಲದ ಬಾಯಿಗೆ ಸೆರಗು ಮುಚ್ಚಿ, "ಮಡಗ್ಲಾ ಜೇಬ್ನಾಗೆ" ಅಂದ್ಳು. ಇಟ್ಟೆ.

ಭಾವ ಬಂದು ಒಂದು ಚೀಲ ಎತ್ತಿ ನೋಡಿದ್ರು, ಇಳಿಸಿದ್ರು. ಇನ್ನೊಂದು ಎತ್ತಿದ್ರು. ಚೆನ್ನಾಗೈತೆ ಅನ್ನಲಿಲ್ಲ. ಟವಲ್ಲಿಂದ ಮುಖ ಒರೆಸಿಕೊಂಡು, ನಮ್ಮ ಕಡೆ ನೋಡದೆ ಕೇಳಿದ್ರು:

"ಬ್ಯಾಸ್ಗೇಗೆ ಏನ್ ಆಕನ ಇವ್ಳೇ?"

ಅಕ್ಕನಿಗೆ ಇಷ್ಟು ವರ್ಷಕ್ಕೆ ಬಂದ ಪ್ರಶ್ನೇನ ಸ್ವಲ್ಪ ಹೊತ್ತು ತನ್ನ ಹತ್ರಾನೇ ಇಟ್ಕೊಳ್ಳೋ ಆಸೆ ಇತ್ತೇನೋ. ಮುಂದಿನ ಸಾಲಿಗೆ ಬಗ್ಗಿ, ಎರಡು ಕಾಯಿ ಕಿತ್ತು ಮಡಿಲಿಗೆ ಹಾಕ್ಕೊಂಡ್ಳು.

"ತಾಳಿ," ಅಂದ್ಳು. "ಯೋಚ್ನೆ ಮಾಡಿ ಯೋಳ್ತೀನಿ."